ಚುಕ್ಕಿ ಗೆರೆಗಳನ್ನು ಓದುವ ಯಂತ್ರ

‘ತಂತಿ ಬಂದಿದೆ’ ಎಂಬ ಎರಡೇ ಮಾತು ಒಂದು ಕಾಲಕ್ಕೆ ಮನೆಮಂದಿಯ ಎದೆಯನ್ನೆಲ್ಲ ನಡುಗಿಸುತ್ತಿತ್ತು. ಲಕೋಟೆ ಒಡೆಯುವ ಮೊದಲೇ ಮನೆಯ ಹೆಂಗಸರು ಕಣ್ಣಿಗೆ ಸೆರಗು ಹಚ್ಚುತ್ತಿದ್ದರು. ಒಡೆದು ಓದಿದರೆ ಒಳಗೆ ಮಗನಿಗೆ ಕೆಲಸ ಸಿಕ್ಕಿದ ಸುದ್ದಿ ಇರುತ್ತಿದ್ದುದೂ ಉಂಟು. ಆ ಕಾಲ ಹೋಯಿತು. ತಂತಿ ಕಚೇರಿಗಳಲ್ಲಿ ಮೋರ್ಸ್ ಕೀಲಿಯ ಜಾಗಕ್ಕೆ ಮೊದಲು ಟೆಲಿಪ್ರಿಂಟರ್ ಬಂತು, ಆಮೇಲೆ ಗಣಕಯಂತ್ರ ಬಂತು; ಕೊನೆಗೆ 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆಯೇ ನಿಂತುಹೋಯಿತು. ಇದರೊಡನೆ ಮೋರ್ಸ್ ಸಂಕೇತವೂ ಮಣ್ಣುಗೂಡಿತೆಂದು ಹಲವರ ಭಾವನೆ.

ಹಾಗೇನೂ ಆಗಿಲ್ಲ. ಒಳ್ಳೆಯದೊಂದು ಹ್ರಸ್ವತರಂಗ ಗ್ರಾಹಕವನ್ನು ಸಂಜೆಯ ಹೊತ್ತು 7 ಮೆಗಾಹರ್ಟ್ಸಿನ ಆಸುಪಾಸಿಗೆ, ಎಂದರೆ 40 ಮೀಟರಿನ ಹವ್ಯಾಸಿ ಪಟ್ಟಿಯ ಕೆಳತುದಿಗೆ, ತಿರುಗಿಸಿದರೆ ಮಳೆಗಾಲದ ರಾತ್ರಿ ಕೆರೆಯಂಗಳದಲ್ಲಿ ಕೇಳುವಂತೆ ಹತ್ತಾರು ಸಣ್ಣ ಸ್ವರಗಳು ಕೇಳುತ್ತವೆ. ಒಂದು ಗಟ್ಟಿ, ಒಂದು ಕ್ಷೀಣ. ಒಂದು ಅವಸರದ್ದು, ಒಂದು ನಿಧಾನದ್ದು. ಅವೆಲ್ಲ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ಕುಳಿತ ಜನರ ಮಾತುಕತೆ. ಬಲ್ಲವರಿಗೆ ಅದು ಭಾಷೆ. ಅರಿಯದವರಿಗೆ ಬರಿಯ ಕಿಚಿಪಿಚಿ. ಈಚಿನ ವರ್ಷಗಳಲ್ಲಿ ಆ ಕಿಚಿಪಿಚಿಯನ್ನು ತಾನೇ ಕೇಳಿ, ತಾನೇ ಅಕ್ಷರ ಮಾಡಿ ಪರದೆಯ ಮೇಲೆ ಬರೆಯುವ ಯಂತ್ರಗಳು ಬಂದಿವೆ; ನಾವು ಅಕ್ಷರ ಒತ್ತಿದರೆ ತಾವೇ ಚುಕ್ಕಿ ಗೆರೆ ಮಾಡಿ ಆಕಾಶಕ್ಕೆ ಬಿಡುವ ಸೌಕರ್ಯವೂ ಬಂದಿದೆ. ಹಾಗಾದರೆ ಇನ್ನು ಮೋರ್ಸ್ ಕಲಿಯುವ ತೊಂದರೆ ಏತಕ್ಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಸಿಗಬೇಕಾದರೆ ಈ ಯಂತ್ರ ಏನನ್ನು ಓದುತ್ತದೆ, ಹೇಗೆ ಓದುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮೋರ್ಸ್ ಸಂಕೇತ ಚುಕ್ಕಿ ಮತ್ತು ಗೆರೆ ಎಂಬ ಎರಡು ಗುರುತುಗಳಿಂದ ಆದದ್ದೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಇದು ಅರ್ಧ ಸತ್ಯ. ಚುಕ್ಕಿಯ ಕಾಲವನ್ನು ಒಂದು ಮಾತ್ರೆ ಎಂದಿಟ್ಟುಕೊಂಡರೆ ಗೆರೆಗೆ ಮೂರು ಮಾತ್ರೆ. ನಮ್ಮ ಛಂದಸ್ಸು ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ದೂರದವರನ್ನು ಕೂಗಿ ಕರೆಯುವಾಗ ಎಳೆಯುವ ಪ್ಲುತಕ್ಕೆ ಮೂರು. ಮೋರ್ಸನ ಚುಕ್ಕಿ ಲಘು, ಗೆರೆ ಪ್ಲುತ. ದೂರದವರನ್ನು ಕರೆಯುವುದಕ್ಕೆ ಪ್ಲುತವೇ ತಕ್ಕದ್ದಲ್ಲವೇ! ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಒಂದೇ ಅಕ್ಷರದೊಳಗಿನ ಎರಡು ಗುರುತುಗಳ ನಡುವೆ ಒಂದು ಮಾತ್ರೆಯ ಮೌನ ಇರಬೇಕು. ಅಕ್ಷರ ಅಕ್ಷರಗಳ ನಡುವೆ ಮೂರು ಮಾತ್ರೆಯ ಮೌನ. ಪದ ಪದಗಳ ನಡುವೆ ಏಳು ಮಾತ್ರೆಯ ಮೌನ. ಎಂದರೆ ಗುರುತುಗಳು ಎರಡಲ್ಲ, ಐದು: ಎರಡು ಬಗೆಯ ನಾದ, ಮೂರು ಬಗೆಯ ಮೌನ.

ಮೋರ್ಸ್ ವೇಗವನ್ನು ಅಳೆಯಲು ‘ಪ್ಯಾರಿಸ್’ ಎಂಬ ಇಂಗ್ಲಿಷ್ ಪದವನ್ನು ಮಾದರಿಯಾಗಿ ಇಟ್ಟುಕೊಂಡಿದ್ದಾರೆ. ಅದರ ಐದು ಅಕ್ಷರ, ನಡುವಿನ ಬಿಡುವು, ಕೊನೆಯ ಪದಾಂತರ ಎಲ್ಲ ಸೇರಿ ಸರಿಯಾಗಿ 50 ಮಾತ್ರೆ. ನಿಮಿಷಕ್ಕೆ 12 ಪದದ ವೇಗವೆಂದರೆ ನಿಮಿಷಕ್ಕೆ 600 ಮಾತ್ರೆ. ಒಂದು ಮಾತ್ರೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಆ 50 ಮಾತ್ರೆಗಳನ್ನು ನೀವೇ ಕಾಗದದ ಮೇಲೆ ಬಿಡಿಸಿ ಎಣಿಸಿ ನೋಡಿ. ಶಬ್ದ ಕೇಳುವುದು 22 ಮಾತ್ರೆಗಳಲ್ಲಿ. ಉಳಿದ 28 ಮಾತ್ರೆ ಮೌನ. ಅರ್ಧಕ್ಕಿಂತ ಹೆಚ್ಚಿನ ಭಾಗ ಮೌನದಲ್ಲಿಯೇ ಇದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೋರ್ಸನ್ನು ಓದುವ ಯಂತ್ರ ಹೊಸದೆಂದು ಭಾವಿಸಬಾರದು. 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶ ಕಳಿಸಿದಾಗ ಸ್ಯಾಮ್ಯುಯೆಲ್ ಮೋರ್ಸ್ ಮತ್ತು ಅವನ ಸಹಾಯಕ ಆಲ್ಫ್ರೆಡ್ ವೇಲ್ ಅವರ ಗ್ರಾಹಕ ಯಂತ್ರ ಕಾಗದದ ಪಟ್ಟಿಯ ಮೇಲೆ ಗುರುತು ಮೂಡಿಸುತ್ತಿತ್ತು. ಯಂತ್ರ ಗುರುತು ಮಾಡುವುದು, ಮನುಷ್ಯ ಕಣ್ಣಿನಿಂದ ಓದುವುದು — ಇದೇ ಅವರ ಯೋಜನೆ. ಆದರೆ ತಂತಿ ಗುಮಾಸ್ತರು ಆ ಯಂತ್ರದ ಟಕ್ ಟಕ್ ಸಪ್ಪಳವನ್ನು ಕೇಳುತ್ತ ಕೇಳುತ್ತ ಕಾಗದವನ್ನು ನೋಡುವುದನ್ನೇ ಬಿಟ್ಟರು. ಸಪ್ಪಳವೇ ಅವರಿಗೆ ಮಾತಾಯಿತು. ಕೊನೆಗೆ ಕಾಗದದ ಪಟ್ಟಿಯೇ ಮೂಲೆಗೆ ಬಿದ್ದು ಬರಿಯ ಸಪ್ಪಳ ಮಾಡುವ ‘ಸೌಂಡರ್’ ಎಂಬ ಸಲಕರಣೆ ಮೇಜಿಗೆ ಬಂತು. ಇನ್ನೊಂದು ಕಡೆ ಕೆಲಸವನ್ನು ಚುರುಕು ಮಾಡಲು ಇಂಗ್ಲೆಂಡಿನ ವೀಟ್‌ಸ್ಟನ್ 1858ರಲ್ಲಿ ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ತಾನಾಗಿಯೇ ಸಂದೇಶ ಕಳಿಸುವ ಯಂತ್ರವನ್ನು ಕಂಡುಹಿಡಿದ. 20ನೆಯ ಶತಮಾನದ ಆರಂಭಕ್ಕೆ ಫ್ರೆಡರಿಕ್ ಕ್ರೀಡ್ ಎಂಬಾತನ ಯಂತ್ರ, ಬಂದ ಮೋರ್ಸನ್ನು ರಂಧ್ರದ ಪಟ್ಟಿಯಾಗಿಸಿ, ಆ ಪಟ್ಟಿಯಿಂದ ನೇರವಾಗಿ ಅಕ್ಷರಗಳನ್ನೇ ಮುದ್ರಿಸತೊಡಗಿತು. ಹೀಗೆ ಕಿವಿ ಮತ್ತು ಯಂತ್ರಗಳ ನಡುವಿನ ಪೈಪೋಟಿ ಈ ಸಂಕೇತದಷ್ಟೇ ಹಳೆಯದು.

ಆ ಯಂತ್ರಗಳೆಲ್ಲ ದುಡಿದದ್ದು ಹೆಚ್ಚಾಗಿ ತಂತಿಯ ಮೇಲೆ. ಅಲ್ಲಿ ಪ್ರವಾಹ ಇದೆ ಅಥವಾ ಇಲ್ಲ, ಸಂದೇಹಕ್ಕೆ ಎಡೆ ಕಡಿಮೆ. ಆಕಾಶದಲ್ಲಿ ಹಾಗಲ್ಲ. ಗುಡುಗು, ಸಿಡಿಲು, ನೆರೆಮನೆಯ ವಿದ್ಯುತ್ ಮೋಟಾರು, ಪಕ್ಕದ ನಿಲಯದ ಸ್ವರ ಎಲ್ಲವೂ ಒಟ್ಟಿಗೇ ಕಿವಿಗೆ ಬೀಳುತ್ತವೆ. ಅಲೆ ಅಯಾನಮಂಡಲದಲ್ಲಿ ಬಾಗಿ ಬರುವಾಗ ಒಮ್ಮೆ ಉಬ್ಬುತ್ತದೆ, ಒಮ್ಮೆ ಕುಗ್ಗುತ್ತದೆ. ಈ ಸಂತೆಯೊಳಗೆ ಒಬ್ಬನ ಪಿಸುಮಾತನ್ನು ಹೆಕ್ಕುವ ಕೆಲಸ ರೇಡಿಯೋ ಮೋಡೆಮಿನದು. ‘ಮೋಡೆಮ್’ ಎಂಬುದು ಎರಡು ಇಂಗ್ಲಿಷ್ ಪದಗಳ ತಲೆಗಳನ್ನು ಕತ್ತರಿಸಿ ಜೋಡಿಸಿದ ಹೆಸರು. ಸುದ್ದಿಯನ್ನು ಅಲೆಯ ಮೇಲೆ ಏರಿಸುವುದು ಒಂದು, ಅಲೆಯಿಂದ ಇಳಿಸಿಕೊಳ್ಳುವುದು ಇನ್ನೊಂದು. ಹಿಂದೆ ಇದಕ್ಕೆ ಪ್ರತ್ಯೇಕ ಪೆಟ್ಟಿಗೆಯೇ ಬೇಕಾಗುತ್ತಿತ್ತು. ಈಗ ಸಾಧಾರಣ ಗಣಕಯಂತ್ರದ ಧ್ವನಿಫಲಕ ಮತ್ತು ಒಂದು ತಂತ್ರಾಂಶ ಸಾಕು. ‘ಎಫ್‌ಎಲ್‌ಡಿಜಿ’ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಹವ್ಯಾಸಿಗಳಲ್ಲಿ ಬಹಳ ಜನ ಅದನ್ನೇ ಬಳಸುತ್ತಾರೆ.

ಸುದ್ದಿಯನ್ನು ಇಳಿಸಿಕೊಳ್ಳುವ ಬಗೆಯನ್ನು ಮೊದಲು ನೋಡೋಣ. ಆಕಾಶದಲ್ಲಿ ಬರುವ ಮೋರ್ಸಿಗೆ ತನ್ನದೇ ಆದ ಸ್ವರವಿಲ್ಲ. ಕಳಿಸುವವನು 70,20,000 ಹರ್ಟ್ಸಿನ ಅಲೆಯನ್ನು ಹಚ್ಚುತ್ತಾನೆ, ಆರಿಸುತ್ತಾನೆ, ಅಷ್ಟೆ. ಗ್ರಾಹಕ ತನ್ನೊಳಗೇ ಹುಟ್ಟಿಸಿಕೊಂಡ ಅಲೆಯೊಡನೆ ಅದನ್ನು ಬೆರೆಸಿ, ಎರಡರ ಅಂತರವನ್ನು 700 ಹರ್ಟ್ಸಿನಷ್ಟು ಮಾಡಿ ನಮಗೆ ಕೇಳುವ ಸ್ವರವಾಗಿಸುತ್ತದೆ. ಈ ಸ್ವರವನ್ನು ಒಂದು ತಂತಿಯ ಮೂಲಕ ಗಣಕಯಂತ್ರಕ್ಕೆ ಕೊಟ್ಟರೆ ಪರದೆಯ ಮೇಲೆ ಅದರ ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅದಕ್ಕೆ ‘ವಾಟರ್‌ಫಾಲ್’ ಎಂದೇ ಹೆಸರು. ನಮ್ಮ ಜೋಗವನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ಕೂಡಲೇ ತಿಳಿದೀತು: ಒಂದೊಂದು ನಿಲಯವೂ ಒಂದೊಂದು ಬಿಳಿಯ ಧಾರೆ, ಧಾರೆಯಲ್ಲಿ ಕತ್ತರಿಸಿ ಕತ್ತರಿಸಿ ಬೀಳುವ ತುಣುಕುಗಳೇ ಚುಕ್ಕಿ ಗೆರೆಗಳು. ಬೇಕಾದ ಧಾರೆಯ ಮೇಲೆ ಗುರುತು ಇಟ್ಟರೆ ಯಂತ್ರ ಉಳಿದುದನ್ನೆಲ್ಲ ಸೋಸಿ ಬಿಡುತ್ತದೆ. ಮಾತಿನ ಪ್ರಸಾರಕ್ಕೆ ಸುಮಾರು 2400 ಹರ್ಟ್ಸಿನ ಅಗಲ ಬೇಕು. ಮೋರ್ಸಿಗೆ 100 ಹರ್ಟ್ಸ್ ಇದ್ದರೆ ಆಯಿತು. ಕಿಟಕಿ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಕಿರಿದಾದರೆ ಒಳಗೆ ನುಗ್ಗುವ ಗದ್ದಲವೂ ಅಷ್ಟೇ ಕಡಿಮೆಯಾಗುತ್ತದೆ. ಐದು ವ್ಯಾಟಿನ ಪುಟ್ಟ ಪ್ರೇಷಕದಿಂದ ಖಂಡಾಂತರಕ್ಕೆ ಸುದ್ದಿ ಮುಟ್ಟಿಸುವವರ ಗುಟ್ಟು ಇದೇ.

ಸೋಸಿದ ಮೇಲೆ ಅಳೆಯುವ ಕೆಲಸ. ಸ್ವರ ಎಷ್ಟು ಹೊತ್ತು ಇತ್ತು, ಎಷ್ಟು ಹೊತ್ತು ಇರಲಿಲ್ಲ ಎಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ನಿಮಿಷಕ್ಕೆ 12 ಪದದ ವೇಗದಲ್ಲಿ ಚುಕ್ಕಿ 100 ಮಿಲಿಸೆಕೆಂಡು, ಗೆರೆ 300. ನಡುವೆ 200ರಲ್ಲಿ ಒಂದು ಬೇಲಿ ಹಾಕಿದರೆ ಈಚೆಗಿರುವುದೆಲ್ಲ ಚುಕ್ಕಿ, ಆಚೆಗಿರುವುದೆಲ್ಲ ಗೆರೆ. ಆದರೆ ಕಳಿಸುವವನು 24 ಪದದ ವೇಗಕ್ಕೆ ಏರಿದನೆನ್ನಿ. ಆಗ ಚುಕ್ಕಿ 50, ಗೆರೆ 150. ಎರಡೂ ಬೇಲಿಯ ಈಚೆಗೇ ಬಿದ್ದವು! ಗೆರೆಗಳೆಲ್ಲ ಚುಕ್ಕಿಗಳಾಗಿ ಸುದ್ದಿಯೆಲ್ಲ ಅಯೋಮಯ. ಆದುದರಿಂದ ಯಂತ್ರ ಒಂದೇ ಬೇಲಿಯನ್ನು ನೆಚ್ಚದೆ, ಬಂದ ಬಂದ ಗುರುತುಗಳ ಸರಾಸರಿ ತೆಗೆಯುತ್ತ ಬೇಲಿಯನ್ನು ಸರಿಸುತ್ತಿರುತ್ತದೆ. ಹಾಡುಗಾರನ ಕಾಲವನ್ನು ಹಿಡಿದು ನಡೆಯುವ ಮೃದಂಗದವನ ಹಾಗೆ ಎನ್ನಬಹುದು. ಮೌನಗಳನ್ನೂ ಹೀಗೆಯೇ ಮೂರು ಗುಂಪಾಗಿ ವಿಂಗಡಿಸಬೇಕು. ಕೊನೆಗೆ ಗುರುತುಗಳ ಸಾಲನ್ನು ಪಟ್ಟಿಯಲ್ಲಿ ಹುಡುಕಿ ಅಕ್ಷರ ಬರೆಯುವುದು. ಇದು ಎಲ್ಲಕ್ಕಿಂತ ಸುಲಭದ ಭಾಗ.

ಇನ್ನು ಏರಿಸುವ ಬಗೆ. ಇದಕ್ಕೆ ದಾರಿ ಎರಡು. ಒಂದು, ಗಣಕಯಂತ್ರವೇ ಬೆರಳಾಗುವುದು. ಒಂದು ಟ್ರಾನ್ಸಿಸ್ಟರಿನ ಸಣ್ಣ ಸ್ವಿಚ್ಚನ್ನು ಪ್ರೇಷಕದ ಕೀಲಿಯ ಜಾಗಕ್ಕೆ ಜೋಡಿಸಿದರೆ ಯಂತ್ರ ಅದನ್ನು ಮುಚ್ಚಿ ತೆರೆದು ಮಾಡುತ್ತದೆ. ಇನ್ನೊಂದು, 700 ಹರ್ಟ್ಸಿನ ಸ್ವರವನ್ನು ತುಂಡು ತುಂಡಾಗಿ ಹುಟ್ಟಿಸಿ ಸಿಂಗಲ್ ಸೈಡ್‌ಬ್ಯಾಂಡ್ ಪ್ರೇಷಕದ ಮೈಕಿನ ದಾರಿಯಲ್ಲಿ ಒಳಕ್ಕೆ ಬಿಡುವುದು. ಎರಡನೆಯದರಲ್ಲಿ ಸ್ವರ ಶುದ್ಧವಾಗಿರಬೇಕು, ಮಿತವಾಗಿರಬೇಕು. ಹೆಚ್ಚು ಗಟ್ಟಿಯಾದರೆ ಒಂದು ಅಲೆಯ ಬದಲು ನಾಲ್ಕು ಹೊರಟು ನೆರೆಯವರಿಗೆಲ್ಲ ಉಪದ್ರವ. ಯಾವ ದಾರಿ ಹಿಡಿದರೂ ಪ್ರತಿ ಗುರುತಿನ ಎರಡು ಅಂಚುಗಳನ್ನು ಕೆಲವು ಮಿಲಿಸೆಕೆಂಡುಗಳಷ್ಟು ನಯಗೊಳಿಸಬೇಕು. ಬಾಗಿಲನ್ನು ಧಡಾರನೆ ಹಾಕಿದಂತೆ ಅಲೆಯನ್ನು ಕತ್ತರಿಸಿದರೆ ಅಕ್ಕಪಕ್ಕದ ಆವರ್ತಗಳಲ್ಲೆಲ್ಲ ಚಟಚಟ ಸದ್ದು ಹರಡುತ್ತದೆ. ಇಷ್ಟು ಜಾಗ್ರತೆ ಮಾಡಿದರೆ ಗಣಕಯಂತ್ರದ ಮೋರ್ಸ್ ಮುತ್ತು ಪೋಣಿಸಿದಂತೆ ಇರುತ್ತದೆ. ಅದನ್ನು ಇನ್ನೊಂದು ಗಣಕಯಂತ್ರ ತಪ್ಪಿಲ್ಲದೆ ಓದುತ್ತದೆ.

ಮನುಷ್ಯನ ಕೈ ನಡುವೆ ಬಂತೆಂದರೆ ಕಥೆ ಬೇರೆ. ಕೈಬರಹದ ಹಾಗೆಯೇ ಒಬ್ಬೊಬ್ಬರ ಮೋರ್ಸಿಗೂ ಒಂದೊಂದು ಜಾಡು ಇರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಶತ್ರುಪಕ್ಷದ ರೇಡಿಯೋಗಾರರನ್ನು ಅವರ ಕೈಯ ಜಾಡಿನಿಂದಲೇ ಗುರುತಿಸಿ, ಒಂದು ಪಡೆ ಎಲ್ಲಿಂದ ಎಲ್ಲಿಗೆ ಸರಿಯಿತೆಂದು ತಿಳಿದುಕೊಳ್ಳುತ್ತಿದ್ದರು. ಕಿವಿಗೆ ಈ ಜಾಡು ಅಂದ. ಯಂತ್ರಕ್ಕೆ ಇದು ಕಂಟಕ. ಇಂಗ್ಲಿಷಿನ ‘ಟಿ’ ಒಂದು ಗೆರೆ. ‘ಎಚ್’ ನಾಲ್ಕು ಚುಕ್ಕಿ. ‘ಟಿ’ ಆದ ಮೇಲೆ ಮೂರು ಮಾತ್ರೆ ಕಾಯದೆ ಅವಸರದಲ್ಲಿ ‘ಎಚ್’ ಬಡಿದರೆ ಒಂದು ಗೆರೆ, ನಾಲ್ಕು ಚುಕ್ಕಿ ಕೂಡಿಕೊಳ್ಳುತ್ತವೆ. ಅದು ಪಟ್ಟಿಯಲ್ಲಿ 6 ಎಂಬ ಅಂಕಿ! ಎರಡು ‘ಎನ್’ಗಳನ್ನು ಕೂಡಿಸಿದರೆ ಒಂದು ‘ಸಿ’ ಆಗುತ್ತದೆ. ಒಂದು ಚುಕ್ಕಿ, ಒಂದು ಗೆರೆ ಸೇರಿದ ‘ಎ’ ಅಕ್ಷರವನ್ನು ನಡುವೆ ಎಳೆದು ಬಿಟ್ಟರೆ ‘ಇ’ ಮತ್ತು ‘ಟಿ’ ಎಂದು ಎರಡು ಅಕ್ಷರವಾಗಿ ಒಡೆಯುತ್ತದೆ. ಗಮನಿಸಿ, ಈ ಮೂರು ಉದಾಹರಣೆಗಳಲ್ಲಿಯೂ ಚುಕ್ಕಿ ತಪ್ಪಲಿಲ್ಲ, ಗೆರೆ ತಪ್ಪಲಿಲ್ಲ. ತಪ್ಪಿದ್ದು ಮೌನ.

ಆಕಾಶವೂ ತನ್ನ ಪಾಲಿನ ಕೀಟಲೆ ಮಾಡುತ್ತದೆ. ಅಲೆ ಕುಗ್ಗಿ ಒಂದು ಗೆರೆಯ ನಡುಭಾಗ ಮುಳುಗಿತೆನ್ನಿ. ಎರಡು ತುದಿ ಮಾತ್ರ ಉಳಿದು ಎರಡು ಚುಕ್ಕಿಯಾಯಿತು. ‘ಟಿ’ ಹೋಗಿ ‘ಐ’ ಬಂತು. ಎಲ್ಲೋ ಸಿಡಿಲು ಹೊಡೆದು ಚಟ್ ಎಂದರೆ ಅದೂ ಒಂದು ಚುಕ್ಕಿಯೇ. ಒಂದು ಚುಕ್ಕಿ ಎಂದರೆ ‘ಇ’. ಆದುದರಿಂದಲೇ ಯಾರೂ ಮಾತನಾಡದ ಹೊತ್ತಿನಲ್ಲಿಯೂ ಪರದೆಯ ಮೇಲೆ ‘ಇ ಇ ಟಿ ಐ ಇ’ ಎಂದು ಅಕ್ಷರಗಳು ಉದುರುತ್ತಿರುತ್ತವೆ. ಹೊಸಬರು ಇದನ್ನು ಕಂಡು ಯಾವುದೋ ಗುಪ್ತ ಸಂದೇಶವೆಂದು ಬೆರಗಾಗುವುದುಂಟು. ಅದು ಗದ್ದಲ ಅಕ್ಷರದ ವೇಷ ಹಾಕಿದ್ದು, ಬೇರೇನಲ್ಲ.

ಇಂಥ ಕಡೆ ನುರಿತ ಕಿವಿ ಏನು ಮಾಡುತ್ತದೆ? ಅದು ಚುಕ್ಕಿ ಗೆರೆಗಳನ್ನು ಎಣಿಸುವುದೇ ಇಲ್ಲ. ‘ಎ’ ಎಂದರೆ ಅದಕ್ಕೆ ‘ಡಿ ಡಾ’ ಎಂಬ ಒಂದು ಅಖಂಡವಾದ ಸ್ವರ. ಅಭ್ಯಾಸ ಬಲಿತಂತೆ ಅಕ್ಷರವಲ್ಲ, ಇಡೀ ಪದವೇ ಒಂದು ಸ್ವರವಾಗಿ ಕೇಳುತ್ತದೆ. ‘ಬೆಂಗ…ರು’ ಎಂದು ನಡುವೆ ಒಂದಕ್ಷರ ಅಳಿಸಿದ್ದರೆ ನೀವು ತಡವರಿಸುತ್ತೀರಾ? ಹಾಗೆಯೇ ನುರಿತವನು ಮುಳುಗಿದ ಅಕ್ಷರವನ್ನು ಅರ್ಥದಿಂದ ಎತ್ತಿ ತುಂಬಿಕೊಳ್ಳುತ್ತಾನೆ. ಯಂತ್ರಗಳೂ ಈ ವಿದ್ಯೆಯ ಹಾದಿ ಹಿಡಿದಿವೆ. 2008ರಲ್ಲಿ ಹೊರಬಂದ ‘ಸಿಡಬ್ಲ್ಯೂ ಸ್ಕಿಮ್ಮರ್’ ಎಂಬ ತಂತ್ರಾಂಶ ಬರಿಯ ಬೇಲಿಯ ಲೆಕ್ಕ ಬಿಟ್ಟು, ಯಾವ ಅಕ್ಷರವಾಗಿರುವ ಸಂಭವ ಹೆಚ್ಚೆಂದು ತೂಗಿ ನೋಡುತ್ತದೆ. ತಕ್ಕ ಗ್ರಾಹಕವಿದ್ದರೆ ಪಟ್ಟಿಯ ಉದ್ದಕ್ಕೂ ನಡೆಯುವ ನೂರಾರು ಸಂಭಾಷಣೆಗಳನ್ನು ಒಮ್ಮೆಗೇ ಓದುತ್ತದೆ. ಶತಾವಧಾನಿಗಳನ್ನೂ ಮೀರಿಸುವ ಕೆಲಸ! ಲೋಕದ ನಾನಾ ಕಡೆ ಇಂಥ ಗ್ರಾಹಕಗಳನ್ನು ಇಟ್ಟು, ಅವು ಕೇಳಿದ ನಿಲಯಗಳ ಹೆಸರನ್ನು ಅಂತರಜಾಲದಲ್ಲಿ ಪ್ರಕಟಿಸುವ ‘ರಿವರ್ಸ್ ಬೀಕನ್ ನೆಟ್‌ವರ್ಕ್’ ಎಂಬ ಏರ್ಪಾಡೂ ಇದೆ. ಮಂಗಳೂರಿನಲ್ಲಿ ಹವ್ಯಾಸಿಯೊಬ್ಬ ಕರೆ ಕೊಟ್ಟರೆ ಅದು ಯುರೋಪಿನಲ್ಲಿ ಕೇಳಿಸಿತೋ, ಜಪಾನಿನಲ್ಲಿ ಕೇಳಿಸಿತೋ ಎಂದು ಕೆಲವೇ ಕ್ಷಣಗಳಲ್ಲಿ ತಿಳಿಯಬಹುದು. ಯಾವ ಕಿವಿಯೂ ಈ ಉಪಕಾರ ಮಾಡಲಾರದು. ಆದರೂ ಗದ್ದಲ ಹೆಚ್ಚಿ, ಅಲೆ ಕುಗ್ಗಿ, ಕಳಿಸುವವನ ಕೈ ನಡುಗುತ್ತಿರುವ ಹೊತ್ತಿನಲ್ಲಿ ಒಂದು ಸಾಧಾರಣ ಮೋಡೆಮ್ ಕೈಚೆಲ್ಲಿದ ಮೇಲೂ ನುರಿತ ಕಿವಿ ಓದುತ್ತಲೇ ಇರುತ್ತದೆ.

ಹಾಗೆಂದು ಯಂತ್ರವನ್ನು ಹೀಗಳೆಯುವುದು ಸರಿಯಲ್ಲ. ಕಿವಿ ಇಲ್ಲದವರ ಪಾಡನ್ನು ನೆನೆಯಿರಿ. ಮೋರ್ಸ್ ಕಿವಿಯ ವಿದ್ಯೆಯಾಗಿದ್ದಷ್ಟು ಕಾಲ ಕಿವುಡರಿಗೆ ಆ ಬಾಗಿಲು ಮುಕ್ಕಾಲು ಪಾಲು ಮುಚ್ಚಿಯೇ ಇತ್ತು. ಇಂದು ಪರದೆಯನ್ನು ಓದಿ ಅವರೂ ಲೋಕದೊಡನೆ ಮಾತನಾಡಬಲ್ಲರು. ಕೈಕಾಲು ಸ್ವಾಧೀನದಲ್ಲಿಲ್ಲದವರಿಗೆ ಇನ್ನೂ ದೊಡ್ಡ ಉಪಕಾರವಾಗಿದೆ. ತಲೆಯನ್ನು ಅತ್ತ ಇತ್ತ ಅಲುಗಿಸಿ ಎರಡು ಗುಂಡಿಗಳನ್ನು ಒತ್ತಬಲ್ಲವರು ಒಂದನ್ನು ಚುಕ್ಕಿ, ಇನ್ನೊಂದನ್ನು ಗೆರೆ ಮಾಡಿಕೊಂಡು ಪುಟಗಟ್ಟಲೆ ಬರೆಯಬಹುದು. 2018ರಿಂದ ಗೂಗಲ್ ಕಂಪನಿಯ ಫೋನಿನ ಕೀಲಿಮಣೆಯಲ್ಲಿಯೂ ಮೋರ್ಸಿಗೆ ಸ್ಥಳ ದೊರೆಯಿತು. ಮಾತು ಹೊರಡದ ಒಬ್ಬ ಮಗು ‘ಅಮ್ಮಾ, ನೀರು’ ಎಂಬುದನ್ನು ರೋಮನ್ ಅಕ್ಷರಗಳಲ್ಲಾದರೂ ತಾನೇ ಬರೆದು ತಿಳಿಸುವಂತಾದರೆ ಅದಕ್ಕಿಂತ ಹೆಚ್ಚಿನ ಪ್ರಯೋಜನ ಯಾವ ಯಂತ್ರದಿಂದ ಬೇಕು? ಈ ಸಂಕೇತ ಹಳೆಯ ಕಾಲದ ಪಳೆಯುಳಿಕೆ ಅಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿ: ಮಿಂಚಂಚೆಯ ವಿಳಾಸದಲ್ಲಿ ಬರುವ ‘ಎಟ್’ ಚಿಹ್ನೆಗೂ 2004ರಲ್ಲಿ ಪಟ್ಟಿಯಲ್ಲಿ ಒಂದು ಗುರುತು ಕೊಟ್ಟರು, ‘ಎ’ ಮತ್ತು ‘ಸಿ’ಯನ್ನು ಮೌನವಿಲ್ಲದೆ ಕೂಡಿಸಿದರೆ ಅದೇ ಆ ಗುರುತು.

2003ರ ಅಂತರರಾಷ್ಟ್ರೀಯ ಸಮ್ಮೇಳನ, ಹ್ರಸ್ವತರಂಗದ ಹವ್ಯಾಸಿಗಳಿಗೆ ಮೋರ್ಸ್ ಕಡ್ಡಾಯವೆಂಬ ನಿಯಮವನ್ನು ಸಡಿಲಿಸಿ ಆಯಾ ದೇಶದ ಇಷ್ಟಕ್ಕೆ ಬಿಟ್ಟಿತು. ಅಮೆರಿಕ 2007ರಲ್ಲಿ ಅದನ್ನು ಪರೀಕ್ಷೆಯಿಂದಲೇ ತೆಗೆಯಿತು. ಇನ್ನು ಇದನ್ನು ಯಾರೂ ಕಲಿಯಲಾರರೆಂದು ಹಿರಿಯರು ನಿಟ್ಟುಸಿರು ಬಿಟ್ಟರು. ಆದರೆ ಕಡ್ಡಾಯ ಹೋದ ಮೇಲೂ ಇಷ್ಟಪಟ್ಟು ಕಲಿಯುವವರು ಇದ್ದಾರೆ. ಅವರಲ್ಲಿ ಅನೇಕರಿಗೆ ಮೊದಲು ಬಾಗಿಲು ತೆರೆದದ್ದು ಪರದೆಯ ಮೇಲೆ ಅಕ್ಷರ ಬರೆದ ಈ ಮೋಡೆಮ್. ಅಪಾಯ ಇರುವುದು ಬಾಗಿಲಿನಲ್ಲಿಯೇ ನಿಂತುಬಿಡುವುದರಲ್ಲಿ. ಕಣ್ಣು ಪರದೆಯ ಮೇಲೆ ಇರುವವರೆಗೆ ಕಿವಿ ಸೋಮಾರಿಯಾಗಿಯೇ ಇರುತ್ತದೆ. ನಾಳೆ ವಿದ್ಯುತ್ತು ಕೈಕೊಟ್ಟು, ಒಂದು ಬ್ಯಾಟರಿ, ಒಂದು ಪುಟ್ಟ ಪ್ರೇಷಕ ಮಾತ್ರ ಉಳಿದ ದಿನ ಆ ಸೋಮಾರಿ ಕಿವಿ ಕೆಲಸಕ್ಕೆ ಬಾರದು.

ಹಾಗಾದರೆ ಯಂತ್ರವನ್ನು ಎಲ್ಲಿ ಇಡಬೇಕು? ಕೇಳುವಾಗ ಕಿವಿಗೆ ಮೊದಲ ಮಣೆ ಕೊಡಿ; ಬರೆದುಕೊಂಡ ಮೇಲೆ ಪರದೆಯನ್ನು ನೋಡಿ ತಾಳೆ ಹಾಕಿ. ಕಳಿಸುವಾಗ ಮಾತ್ರ ಯಂತ್ರವನ್ನೇ ಗುರುವಾಗಿ ಮಾಡಿಕೊಳ್ಳಿ. ಅದಕ್ಕೆ ದಾಕ್ಷಿಣ್ಯವಿಲ್ಲ. ಗೆಳೆಯನಾದರೆ ನಿಮ್ಮ ಅರೆಬರೆ ಮೋರ್ಸನ್ನು ಊಹಿಸಿಕೊಂಡು ‘ಭೇಷ್’ ಎಂದಾನು. ಯಂತ್ರ ನೀವು ಬಿಟ್ಟ ಮೌನವನ್ನು ಅಳೆದು, ಇದ್ದುದನ್ನು ಇದ್ದ ಹಾಗೆ ಬರೆದಿಡುತ್ತದೆ. ನೀವು ‘ಟಿ ಎಚ್’ ಎಂದು ಬಡಿದದ್ದು 6 ಎಂದು ಕಾಣಿಸಿದರೆ ಕನ್ನಡಿಯನ್ನು ಬಯ್ದು ಪ್ರಯೋಜನವಿಲ್ಲ.

ಇದಕ್ಕೆ ಪ್ರೇಷಕವೂ ಬೇಡ. ಆಕಾಶಕ್ಕೆ ಸಂದೇಶ ಬಿಡಲು ಸರ್ಕಾರದ ಪರವಾನಗಿ ಬೇಕು. ಅದಿಲ್ಲದೆ ಕೀಲಿ ಮುಟ್ಟಬಾರದು. ಆದರೆ ಮನೆಯ ಮೇಜಿನ ಮೇಲೆ ಒಂದು ಸ್ವರ ಹೊರಡಿಸುವ ಸಲಕರಣೆ, ಎದುರಿಗೆ ಮೋರ್ಸ್ ಓದುವ ತಂತ್ರಾಂಶ ಹಾಕಿದ ಒಂದು ಫೋನು ಇದ್ದರೆ ಅಭ್ಯಾಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲು ನಿಮ್ಮ ಹೆಸರನ್ನೇ ಬಡಿದು ನೋಡಿ. ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು ಎಂದು ಮನಸ್ಸಿನಲ್ಲಿಯೇ ತಾಳ ಹಾಕಿಕೊಳ್ಳಿ. ಹೆಸರು ಪರದೆಯ ಮೇಲೆ ತಪ್ಪಿಲ್ಲದೆ ಮೂಡಿದ ದಿನ ನಿಮ್ಮ ಕೈ ಹದಕ್ಕೆ ಬಂತೆಂದು ತಿಳಿಯಬಹುದು. ಅಂಥ ಕೈಯ ಮೋರ್ಸನ್ನು ಯಂತ್ರವೂ ಓದುತ್ತದೆ, ಸಾವಿರಾರು ಮೈಲಿ ಆಚೆ ಗದ್ದಲದ ನಡುವೆ ಕಿವಿಗೊಟ್ಟು ಕುಳಿತ ಮನುಷ್ಯನೂ ಓದುತ್ತಾನೆ.